ಸೌದೆ ತೋಟದ ಅರವತ್ಮೂರು ಹಿರಿಯರು

ಎರಡು ಸಾವಿರ ಮರ ನೆಟ್ಟಿದ್ದೇನೆ ಎಂದು ಭೋಜರಾಜರು ಹೇಳಿದ್ದು ಸುಳ್ಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ಚೆನ್ನೈನ ತಾಂಬರಂನಲ್ಲಿ, ಕನ್ನಡದವರೇ ಹೆಚ್ಚಿದ್ದ ಅವರ ಅಪಾರ್ಟ್‌ಮೆಂಟಿನ ನಲವತ್ತೆರಡು ಫ್ಲ್ಯಾಟುಗಳ ಜನ ಅವರನ್ನು ಸುಳ್ಳುಗಾರ ಎಂದರು, ಮೋಸಗಾರ ಎಂದರು, ಕಡೆಗೆ ಕಟುಕ ಎಂದೂ ಕರೆದರು. ಅವರು ಮಾಡಿದ ತಪ್ಪು ಒಂದೇ. ಯಾಕೆ ನೆಟ್ಟಿದ್ದೇನೆ ಎಂಬ ಮಾತಿಗೆ ಬರುವ ಮೊದಲೇ ಬಾಯಿ ಮುಚ್ಚಿಕೊಂಡರು.

ಭೋಜರಾಜರು ಎಗ್ಮೋರ್ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಗೋಣಿಚೀಲಗಳಿಗೂ ಸ್ಕೂಟರುಗಳಿಗೂ ಚೀಟಿ ಕಟ್ಟಿ ನಿವೃತ್ತರಾದವರು. ಆಮೇಲೆ ಅವರಿಗೆ ಉಳಿದ ಅಧಿಕಾರವೆಂದರೆ ಹಾಲು ತರುವುದು, ಕೊತ್ತಂಬರಿ ತರುವುದು, ಕೊತ್ತಂಬರಿ ಬಾಡಿದೆ ಎಂದು ಹೆಂಡತಿ ವೆಂಕಟಲಕ್ಷ್ಮಿ ಹೇಳಿದರೆ ಅದನ್ನು ವಾಪಸು ಕೊಟ್ಟು ಬರುವುದು. ಅಪಾರ್ಟ್‌ಮೆಂಟಿನ ಸಭೆಗಳಲ್ಲಿ ಗಣ್ಯರಿಗೆ ಕೈ ಇರುವ ಕುರ್ಚಿ, ಉಳಿದವರಿಗೆ ಪ್ಲಾಸ್ಟಿಕ್ ಸ್ಟೂಲು. ಏಳು ವರ್ಷದಲ್ಲಿ ಭೋಜರಾಜರ ಮೊಣಕೈಗೆ ಒಮ್ಮೆಯೂ ಆಸರೆ ಸಿಕ್ಕಿರಲಿಲ್ಲ.

ಚೆಂಗಲ್ಪಟ್ಟಿನಿಂದ ಒಳಗೆ, ಕೀಳ್ಪುದೂರು ಎಂಬ ಹಳ್ಳಿಯಲ್ಲಿ ವೆಂಕಟಲಕ್ಷ್ಮಿಗೆ ತವರಿನಿಂದ ಬಂದ ಒಂದು ಎಕರೆ ಜಮೀನು ಬೀಳು ಬಿದ್ದಿತ್ತು. ಅದಕ್ಕೆ ಸರಿಯಾಗಿ ಸರ್ಕಾರದ ಒಂದು ಯೋಜನೆ ಬಂತು. ಅದರ ಹೆಸರು ಎಷ್ಟು ಉದ್ದವಿತ್ತೆಂದರೆ ಅರ್ಜಿಯ ಮೊದಲ ಪುಟದಲ್ಲಿ ಶುರುವಾಗಿ ಎರಡನೇ ಪುಟದಲ್ಲಿ ಮುಗಿಯುತ್ತಿತ್ತು. ಒಳಗಿನ ವಿಷಯ ಮಾತ್ರ ಸರಳ. ಬೇಗ ಬೆಳೆಯುವ ಸುಬಾಬುಲ್ ಮರ ನೆಡಬೇಕು, ಮೂರು ವರ್ಷಕ್ಕೆ ಕಡಿಯಬೇಕು, ಚೂರು ಮಾಡಿ ಕಲ್ಲಿದ್ದಲಿನ ಬದಲು ಬಾಯ್ಲರಿಗೆ ಹಾಕಿ ಕರೆಂಟ್ ತೆಗೆಯುವವರಿಗೆ ಮಾರಬೇಕು. ಹೀಗೆ ಮಾಡುವ ರೈತರಿಗೆ ಸಸಿ ಉಚಿತ, ಬೋರ್‌ವೆಲ್ಲಿಗೂ ಹನಿ ನೀರಾವರಿಗೂ ಪ್ರೋತ್ಸಾಹಧನ. ಮೂರನೇ ವರ್ಷದ ಮಾರ್ಚ್ ಕೊನೆಯೊಳಗೆ ಕಡಿಯದಿದ್ದರೆ ಕೊಟ್ಟದ್ದೆಲ್ಲ ಬಡ್ಡಿ ಸಮೇತ ವಾಪಸು. ವೆಂಕಟಲಕ್ಷ್ಮಿ ಒಂದೊಂದು ಸಾಲನ್ನೂ ಎರಡು ಸಲ ಓದಿ ಸಹಿ ಹಾಕಿದರು. ಭೋಜರಾಜರು ಸಾಕ್ಷಿ ಎಂಬಲ್ಲಿ ಓದದೆ ಸಹಿ ಹಾಕಿದರು.

ಬೋರ್‌ವೆಲ್ ಬಂತು, ಸಸಿ ಬಂತು, ಎರಡು ಸಾವಿರ ಗುಣಿಯಲ್ಲಿ ಎರಡು ಸಾವಿರ ಸುಬಾಬುಲ್ ನಿಂತವು. ಅದಾದ ಎರಡು ತಿಂಗಳಿಗೆ ಆ ಸಭೆ.

ಸಭೆಯ ವಿಷಯ, ಕಾರು ನಿಲ್ಲಿಸಲು ಜಾಗ ಬೇಕೆಂದು ಹಿಂದಿನ ವರ್ಷ ಕಡಿಸಿದ್ದ ಬಾದಾಮಿ ಮರ. ಎಲ್ಲರಿಗೂ ಪಶ್ಚಾತ್ತಾಪವಾಗಿತ್ತು. ಕಾರು ತೆಗೆಯಲು ಮಾತ್ರ ಯಾರೂ ತಯಾರಿರಲಿಲ್ಲ. ಸೆಕ್ರೆಟರಿ ಸತ್ಯನಾರಾಯಣ, ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಬೇರು ಬಿಟ್ಟ ಮನೆತನದವರು, ತಮ್ಮ ತಮಿಳುಗನ್ನಡದಲ್ಲಿ ಒಬ್ಬೊಬ್ಬರೂ ಪ್ರಕೃತಿಗೆ ಏನು ಮಾಡಿದ್ದೀರಿ ಹೇಳಿ ಎಂದರು. ಒಬ್ಬರು ಮೂರು ಮನಿಪ್ಲಾಂಟ್ ಎಂದರು. ಇನ್ನೊಬ್ಬರು ಬಟ್ಟೆ ಚೀಲ ಎಂದರು. ಸರದಿ ಹಿಂದಿನ ಸ್ಟೂಲಿಗೆ ಬಂತು.

"ನಾನು," ಎಂದು ಭೋಜರಾಜರು ಎದ್ದು ನಿಂತರು, "ಎರಡು ಸಾವಿರ ಮರ ನೆಟ್ಟಿದೀನಿ."

ಸೌದೆಗೆ, ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಜೀವಮಾನದಲ್ಲಿ ಮೊದಲ ಸಲ ಚಪ್ಪಾಳೆ ತಿಂದ ಮನುಷ್ಯ ಅದು ಮುಗಿಯುವ ತನಕ ಸುಮ್ಮನಿರುವುದು ಸಹಜ. ಮುಗಿದ ಮೇಲೆ ಹೇಳುವುದು ಅಸಹಜ.

"ರೆಂಡಾಯಿರಮಾ!" ಎಂದು ಸತ್ಯನಾರಾಯಣ ಹೌಹಾರಿದರು. "ಏನ್ ಸಾರ್ ನೀವು, ಇಷ್ಟು ಪೆರಿಯ ಮನುಷ್ಯರು ಹೋಗಿ ಸ್ಟೂಲ್ ಮೇಲೆ ಕೂತಿದ್ದೀರಲ್ಲ! ರೊಂಬ ತಪ್ಪು ಆಗೋಯ್ತು. ಯಾರಪ್ಪಾ ಅಲ್ಲಿ, ಸಾರ್‌ಗೆ ಚೇರ್ ಹಾಕು!"

ಕೈ ಇರುವ ಕುರ್ಚಿ ಬಂತು. ಭೋಜರಾಜರು ಎರಡೂ ಮೊಣಕೈ ಊರಿ ಕೂತರು. ಹೆಂಡತಿ ಕಡೆಗೆ ಮಾತ್ರ ನೋಡಲಿಲ್ಲ.

ಮನೆಗೆ ಬಂದ ಮೇಲೆ ವೆಂಕಟಲಕ್ಷ್ಮಿ ಕೇಳಿದರು. "ಅಲ್ಲ ರೀ, ಮೂರು ವರ್ಷಕ್ಕೆ ಕಡೀತೀವಿ ಅಂತ ಯಾಕೆ ಹೇಳ್ಲಿಲ್ಲ?"

"ಮೂರು ವರ್ಷ ಇದೆಯಲ್ಲೇ. ಅಷ್ಟರಲ್ಲಿ ಅರ್ಧ ಜನ ಮನೆ ಮಾರ್ಕೊಂಡು ಹೋಗಿರ್ತಾರೆ."

ಯಾರೂ ಮಾರಲಿಲ್ಲ. ಬದಲಿಗೆ ಸತ್ಯನಾರಾಯಣರಿಗೆ ಒಂದು ಯೋಚನೆ ಬಂತು. ಆ ಅಪಾರ್ಟ್‌ಮೆಂಟಿನ ಮನೆಮನೆಯಲ್ಲೂ ಒಂದು ಗುಟ್ಟಿತ್ತು. ಹಿಂದೆ ಹಾಲಿನ ಗೋಡೆಯಲ್ಲಿ ಹಾರ ಹಾಕಿಕೊಂಡು, ಕೆಂಪು ದೀಪದ ಬೆಳಕಿನಲ್ಲಿ ತೂಗುತ್ತಿದ್ದ ಹಿರಿಯರ ಫೋಟೊಗಳು, ಟಿವಿಗಳು ಅಗಲವಾಗುತ್ತ ಹೋದಂತೆ ಒಂದೊಂದಾಗಿ ಇಳಿದು, ಬೆಡ್‌ಶೀಟಿನಲ್ಲಿ ಸುತ್ತಿಸಿಕೊಂಡು ಅಟ್ಟ ಸೇರಿದ್ದವು. ಅಟ್ಟದಲ್ಲಿ ಅಪ್ಪ, ಗೋಡೆಯಲ್ಲಿ ಕ್ರಿಕೆಟ್. ಹಬ್ಬ ಬಂದರೆ ಎಲ್ಲರ ಎದೆಯೂ ಚುರ್ ಎನ್ನುತ್ತಿತ್ತು.

"ಒಬ್ಬೊಬ್ಬ ಹಿರಿಯರಿಗೆ ಒಂದೊಂದು ಮರ!" ಎಂದರು ಸತ್ಯನಾರಾಯಣ. "ಭೋಜರಾಜ್ ಸಾರ್ ಹತ್ರ ಎರಡು ಸಾವಿರ ಇದೆ. ನಮಗೆ ಬೇಕಾದ್ದು ಅರವತ್ಮೂರು. ಪೋದುಂ, ಸಾಕು!"

ಭೋಜರಾಜರು ಬೇಡ ಎನ್ನಲು ಕುರ್ಚಿಯಿಂದ ಮುಂದೆ ಬಾಗಿದರು. ಮೊಣಕೈ ಕೆಳಗೆ ಕುರ್ಚಿಯ ಕೈ ತಣ್ಣಗೆ, ನುಣ್ಣಗೆ ಇತ್ತು. "ಆಗಲಿ" ಎಂದರು.

ಮುಂದಿನ ಭಾನುವಾರ ಬಸ್ಸು ಮಾಡಿಕೊಂಡು ಎಲ್ಲರೂ ಕೀಳ್ಪುದೂರಿಗೆ ಹೋದರು. ಹಲಗೆಗಳಿಗೆ ಹೆಸರು ಬರೆಯುವ ಕೆಲಸ ಭೋಜರಾಜರದು. ಮೂವತ್ತೊಂದು ವರ್ಷದ ಕೈ, ಸುಮ್ಮನಿರಲಿಲ್ಲ. 'ಕಳಿಸಿದವರು: ಶ್ರೀಕಾಂತ್, ಮೂರನೇ ಮಹಡಿ. ತಲುಪಬೇಕಾದವರು: ಶ್ರೀಮತಿ ಸಾಕಮ್ಮ' ಎಂದು ಪಾರ್ಸೆಲ್ಲಿನ ಕ್ರಮದಲ್ಲೇ ಬರೆದು, ಬೇಲಿಯ ಪಕ್ಕದ ಸಾಲಿನ ಸಸಿಗಳಿಗೆ ದಾರದಿಂದ ಕಟ್ಟಿದರು. ಎಲ್ಲಿಗೆ ಕಳಿಸಿದ್ದು ಎಂದು ಯಾರೂ ಕೇಳಲಿಲ್ಲ.

ಜಾಗದ ವಿಷಯಕ್ಕೆ ಮಾತ್ರ ದೊಡ್ಡ ರಗಳೆಯಾಯಿತು. ನಮ್ಮಪ್ಪನಿಗೆ ಬಿಸಿಲು ಆಗದು ಎಂದರು ಒಬ್ಬರು. ನಮ್ಮ ಮಾವನಿಗೂ ಎದುರು ಫ್ಲ್ಯಾಟಿನ ಮಾವನಿಗೂ ನೀರಿನ ಮೋಟಾರಿನ ವಿಷಯಕ್ಕೆ ಮಾತಿರಲಿಲ್ಲ, ಪಕ್ಕಪಕ್ಕ ಹಾಕಬೇಡಿ ಎಂದರು ಇನ್ನೊಬ್ಬರು. ಶ್ರೀಕಾಂತನ ಹೆಂಡತಿ ಮಾಧವಿ, ಅಡ್ಯಾರಿನ ಬ್ಯಾಂಕೊಂದರಲ್ಲಿ ಕೆಲಸ ಮಾಡುವವಳು, ಅತ್ತೆ ಸಾಕಮ್ಮನವರಿಗೆ ತೀರಾ ಮೂಲೆಯ ಸಸಿಯನ್ನು ಆರಿಸಿದಳು. "ಅವರಿಗೆ ಗಲಾಟೆ ಆಗ್ತಿರ್ಲಿಲ್ಲ ಅಂಕಲ್" ಎಂದಳು. ಮೈಸೂರಿನ ಕಡೆಯ ಆ ಸಾಕಮ್ಮನವರ ದನಿ ಅವರಿದ್ದಾಗ ಮೂರನೇ ಮಹಡಿಯಿಂದ ಗೇಟಿನ ತನಕ ಕೇಳುತ್ತಿತ್ತು.

ಅಲ್ಲಿಂದ ಮೂರು ವರ್ಷ ಭೋಜರಾಜರ ಸುವರ್ಣಯುಗ. ಮೈಲಾಪುರದ ಉತ್ಸವದಲ್ಲಿ ಮೆರವಣಿಗೆ ಹೋಗುವ ಅರವತ್ಮೂರು ಶಿವಭಕ್ತರಿಗೆ ಸಿಗುವ ಮರ್ಯಾದೆ ಕೀಳ್ಪುದೂರಿನ ಅರವತ್ಮೂವರಿಗೂ ಸಿಕ್ಕಿತು. ಅಮಾವಾಸ್ಯೆಗೆ ಜನ ವಡೆ ಪಾಯಸ ಹೊತ್ತು ಬಂದು ಮರದ ಬುಡದಲ್ಲಿ ಕಾಗೆಗೆ ಇಟ್ಟರು. ಕೀಳ್ಪುದೂರಿನ ಕಾಗೆಗಳು ಎಷ್ಟು ದಪ್ಪಗಾದವೆಂದರೆ ಹಾರುವ ಮೊದಲು ನಾಲ್ಕು ಹೆಜ್ಜೆ ಓಡುತ್ತಿದ್ದವು. ಭೋಜರಾಜರಿಗೆ 'ವೃಕ್ಷರಕ್ಷಕ' ಎಂಬ ಬಿರುದು ಬಂತು, ಜರಿಯಂಚಿನ ಶಾಲು ಬಂತು. ಲಿಫ್ಟಿನಲ್ಲಿ ಜನ ಅವರಿಗಾಗಿ ಬಾಗಿಲು ಹಿಡಿದು ನಿಂತರು. ಬಾಡಿದ ಕೊತ್ತಂಬರಿಯನ್ನು ಅಂಗಡಿಯವನು ಮಾತಾಡದೆ ವಾಪಸು ತೆಗೆದುಕೊಂಡ.

ಮರಗಳು ಮಾತ್ರ ತಮ್ಮ ಪಾಡಿಗೆ ಬೆಳೆಯುತ್ತಿದ್ದವು. ಮೂರನೇ ವರ್ಷದ ಫೆಬ್ರವರಿ ಬಂತು.

"ರೀ, ಇನ್ನು ಒಂದು ತಿಂಗಳು" ಎಂದರು ವೆಂಕಟಲಕ್ಷ್ಮಿ.

ಭೋಜರಾಜರಿಗೆ ಊಟ ಸೇರದಾಯಿತು. ಕಡಿದರೆ ಮಾನ ಹೋಗುತ್ತದೆ. ಕಡಿಯದಿದ್ದರೆ ಹೆಂಡತಿಯ ಬೋರ್‌ವೆಲ್ಲಿನ ಪ್ರೋತ್ಸಾಹಧನವನ್ನು ಬಡ್ಡಿ ಸಮೇತ ಕಕ್ಕಬೇಕು, ಹೆಂಡತಿಯ ಹೆಸರು ಯೋಜನೆಯ ಪಟ್ಟಿಯಿಂದ ಹೋಗುತ್ತದೆ. ಅವರು ಗುಟ್ಟಾಗಿ ತಾಲ್ಲೂಕಿನ ಕಚೇರಿಗೆ ಹೋಗಿ ಯೋಜನೆಯ ಅಧಿಕಾರಿ ಪೂಂಗೊಡಿ ಎಂಬಾಕೆಯನ್ನು ಕಂಡರು. ಕತ್ತಿನಲ್ಲಿ ಗುರುತಿನ ಚೀಟಿ, ಕೈಯಲ್ಲಿ ಅಳತೆ ಟೇಪು, ನಗುವನ್ನು ಆಫೀಸಿನ ಸಮಯದಲ್ಲಿ ಬಳಸದ ಹೆಂಗಸು.

"ಮೇಡಂ, ಎರಡು ಸಾವಿರದಲ್ಲಿ ಒಂದು ಅರವತ್ಮೂರು ಬಿಟ್ಟು ಕಡಿದರೆ?" ಎಂದು ಭೋಜರಾಜರು ತಮಿಳಿನಲ್ಲಿ ಕೇಳಿದರು.

ಪೂಂಗೊಡಿ ಫಾರಂ ತಿರುಗಿಸಿ ತೋರಿಸಿದರು. ಅದರಲ್ಲಿ ಎರಡೇ ಚೌಕ. ಕಟಾವು ಪೂರ್ತಿ ಆಗಿದೆ, ಕಟಾವು ಆಗಿಲ್ಲ. "ನಡುವೆ ಚೌಕ ಇಲ್ಲ ಸಾರ್. ಯಾಕೆ, ಆ ಅರವತ್ಮೂರು ಮರಕ್ಕೆ ಏನಾಗಿದೆ?"

"ಅವು ಸ್ವಲ್ಪ ವಯಸ್ಸಾದವು" ಎಂದರು ಭೋಜರಾಜರು.

"ಎಲ್ಲ ಒಂದೇ ದಿನ ನೆಟ್ಟದ್ದಲ್ವಾ?"

ಭೋಜರಾಜರು ಹೂಂಗುಟ್ಟಿ ಎದ್ದು ಬಂದರು. ಕಡೆಗೆ, ಎಲ್ಲರೂ ಆಫೀಸಿಗೆ ಹೋದ ಒಂದು ಬುಧವಾರ ಸದ್ದಿಲ್ಲದೆ ಕಡಿಸಿಬಿಡುವುದು, ಆಮೇಲೆ ಬಿರುಗಾಳಿಯ ಮೇಲೆ ಹಾಕುವುದು ಎಂದು ತೀರ್ಮಾನಿಸಿದರು. ಚೆನ್ನೈ ಕಡೆ ಬಿರುಗಾಳಿಗೆ ಬರಗಾಲವಿಲ್ಲ. ಅದು ಮಾರ್ಚಿನಲ್ಲಿ ಬರುವುದಿಲ್ಲ ಎಂಬುದೊಂದೇ ತೊಡಕಾಗಿತ್ತು.

ಬುಧವಾರದ ತನಕ ಹೋಗಲೇ ಇಲ್ಲ. ಭಾನುವಾರ ಬೆಳಿಗ್ಗೆ ಪೂಂಗೊಡಿ ಕಟಾವಿನ ಕಾಗದಕ್ಕೆ ವೆಂಕಟಲಕ್ಷ್ಮಿಯ ಸಹಿ ಬೇಕೆಂದು ಸ್ಕೂಟಿಯಲ್ಲಿ ಅಪಾರ್ಟ್‌ಮೆಂಟಿಗೇ ಬಂದರು. ಗೇಟಿನಲ್ಲಿ ಪೇಪರ್ ಓದುತ್ತ ನಿಂತಿದ್ದವರೊಬ್ಬರನ್ನು ಕೇಳಿದರು. "ಸಾರ್, ಮರಂ ವೆಟ್ಟುವ ಭೋಜರಾಜ್ ವೀಡು ಎದು?" ಮರ ಕಡಿಯುವ ಭೋಜರಾಜನ ಮನೆ ಯಾವುದು ಎಂದು.

ಅವರು ಸತ್ಯನಾರಾಯಣ. ಯಾಕೆ ಕಡಿಯುವುದು ಎಂದು ಕೇಳಿ, ಬಾಯ್ಲರಿನ ತನಕ ಎಲ್ಲ ತಿಳಿದುಕೊಂಡರು.

ಹತ್ತು ನಿಮಿಷದಲ್ಲಿ ವಾಟ್ಸಾಪ್ ಗುಂಪಿನಲ್ಲಿ ನೂರ ನಲವತ್ತು ಮೆಸೇಜು. 'ನಮ್ಮ ತಂದೆಯನ್ನು ಕಡಿಯಲು ಇವರು ಯಾರು?' ಎಂದು ಒಂದು. 'ಅಜ್ಜಿಗೆ ಬಾಯ್ಲರ್!' ಎಂದು ಇನ್ನೊಂದು. ಯಾರೋ ಅಭ್ಯಾಸಬಲದಿಂದ 'ಶುಭೋದಯ' ಎಂದು ಹೂವಿನ ಚಿತ್ರ ಹಾಕಿ ಬೈಸಿಕೊಂಡರು. ಹನ್ನೊಂದು ಗಂಟೆಗೆ ತುರ್ತುಸಭೆ ಎಂದು ಸತ್ಯನಾರಾಯಣ ಸಾರಿದರು.

ಸಭೆಗೆ ಇಳಿಯುವಾಗ ಮೂರನೇ ಮಹಡಿಯಲ್ಲಿ ಲಿಫ್ಟ್ ನಿಂತು ಮಾಧವಿ ಹತ್ತಿದಳು. ಭೋಜರಾಜರು ತಲೆ ತಗ್ಗಿಸಿದರು. ಅವಳು ಬಾಗಿಲು ಮುಚ್ಚುವ ತನಕ ಕಾದು, ಹತ್ತಿರ ಬಂದು, ಪಿಸುದನಿಯಲ್ಲಿ ಹೇಳಿದಳು.

"ಅಂಕಲ್, ನಮ್ಮತ್ತೇನ ಮೊದಲು ಕಡೀರಿ."

"ಏನಮ್ಮ?"

"ಪ್ರತಿ ಭಾನುವಾರ ನನ್ನ ಅಲ್ಲಿಗೆ ಕರ್ಕೊಂಡು ಹೋಗಿ ನಿಲ್ಲಿಸ್ತಾರೆ ಅಂಕಲ್ ಇವ್ರು. ಮರದ ಹತ್ರ ನಿಂತ್ಕೊಂಡು, ಅಮ್ಮಾ, ಇವಳು ಮಾಡೋ ಹುಳೀಲಿ ನಿನ್ನ ಕೈರುಚಿ ಇಲ್ಲಮ್ಮಾ ಅಂತ ಚಾಡಿ ಹೇಳ್ತಾರೆ. ಗಾಳಿಗೆ ಮರ ತಲೆ ಆಡ್ಸುತ್ತೆ. ನೋಡು, ಅಮ್ಮನೂ ಹೂಂ ಅಂತಿದಾಳೆ ಅಂತಾರೆ. ಬದುಕಿದ್ದಾಗ ಎದುರುತ್ತರ ಆದ್ರೂ ಕೊಡ್ತಿದ್ದೆ. ಮರಕ್ಕೆ ಏನು ಅಂತ ಹೇಳ್ಲಿ?"

ಲಿಫ್ಟ್ ಕೆಳಗೆ ಮುಟ್ಟಿತು. ಮಾಧವಿ ತಕ್ಷಣ ಮುಖವನ್ನು ದುಃಖಕ್ಕೆ ಹೊಂದಿಸಿಕೊಂಡು ಹೊರಗೆ ನಡೆದಳು.

ಸಭೆಯಲ್ಲಿ ಭೋಜರಾಜರ ಕುರ್ಚಿ ಇರಲಿಲ್ಲ. ಇದ್ದದ್ದು ಸ್ಟೂಲು, ಅದೂ ಒಂದು ಕಾಲು ಗಿಡ್ಡ. ಸಹಿ ಸಿಗದೆ ಹೋಗುವ ಅಭ್ಯಾಸವಿಲ್ಲದ ಪೂಂಗೊಡಿ ಫಾರಂ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಿದ್ದರು.

"ಏನ್ ಸಾರ್ ಇದು, ಅನ್ಯಾಯವಾ ಇದೆಯೇ!" ಎಂದು ಸತ್ಯನಾರಾಯಣ ಶುರು ಮಾಡಿದರು. "ನಮ್ಮ ತಾತಾ ಸತ್ತಾಗ ಒಂದು ತರಂ ಸುಟ್ಟಾಯ್ತು. ಇನ್ನೊಂದು ತರಂ ಯಾಕೆ ಸಾರ್ ಸುಡಬೇಕು? ಅದೂ ಕರೆಂಟ್‌ಗೆ!"

"ವೃಕ್ಷರಕ್ಷಕ ಅಂತೆ! ಆ ಶಾಲು ವಾಪಸ್ ಕೊಡ್ಲಿ!" ಎಂದಿತು ಹಿಂದಿನ ಸಾಲು.

"ಅದು ನಮ್ಮನೆ ಇಸ್ತ್ರಿ ಮೇಜಿನ ಮೇಲಿದೆ, ಸುಟ್ಟ ಕಲೆ ಆಗಿದೆ, ಬೇಕಾದ್ರೆ ತಗೊಳ್ಳಿ" ಎಂದರು ವೆಂಕಟಲಕ್ಷ್ಮಿ.

"ಅಮ್ಮನ್ನ ಮುಟ್ಟೋಕೆ ಬಿಡಲ್ಲ!" ಎಂದು ಶ್ರೀಕಾಂತ್ ಎದ್ದು ನಿಂತ. ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು. ಪಕ್ಕದಲ್ಲಿ ಮಾಧವಿ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಯಾಕೆಂದು ಭೋಜರಾಜರಿಗೆ ಮಾತ್ರ ಗೊತ್ತು.

ಆ ಹುಡುಗನ ಕಣ್ಣೀರು ನೋಡಿ ಭೋಜರಾಜರಿಗೆ ನಾಚಿಕೆಯಾಯಿತು. ಬೈಗುಳಕ್ಕೆ ಆಗಿರಲಿಲ್ಲ, ಇದಕ್ಕೆ ಆಯಿತು. ಒಂದು ಕುರ್ಚಿಯ ಆಸೆಗೆ ಮೂರು ವರ್ಷ ಒಬ್ಬ ಮಗನಿಂದ ಸೌದೆಗೆ ಕೈ ಮುಗಿಸಿದೆನಲ್ಲ ಎನಿಸಿತು. ಅವರು ಕುಂಟುಸ್ಟೂಲಿನಿಂದ ಎದ್ದರು.

"ನಾನು ವೃಕ್ಷರಕ್ಷಕ ಅಲ್ಲ. ಸೌದೆ ಬೆಳೀತೀನಿ. ಮೊದಲಿಂದ್ಲೂ ಅದು ಸೌದೇನೇ. ನಮ್ಮವಳ ಹೆಸರಲ್ಲಿದೆ, ಕೆಲಸ ಎಲ್ಲ ಅವಳದ್ದೇ, ನಾನು ಬರೀ ಚೀಟಿ ಕಟ್ಟಿದೋನು. ಆವತ್ತು ನೀವು ಚಪ್ಪಾಳೆ ತಟ್ಟಿದ್ರಿ. ನಂಗೆ ಯಾರೂ ಅದುವರೆಗೂ ತಟ್ಟಿರ್ಲಿಲ್ಲ. ಅದಕ್ಕೆ ಸುಮ್ಮನಾದೆ. ತಪ್ಪಾಯ್ತು."

ತಪ್ಪೊಪ್ಪಿಕೊಂಡವರನ್ನು ಮುಂದೆ ಹೇಗೆ ಬೈಯಬೇಕೆಂದು ಅಸೋಸಿಯೇಷನ್ನಿನ ನಿಯಮದಲ್ಲಿ ಬರೆದಿರಲಿಲ್ಲ.

ವೆಂಕಟಲಕ್ಷ್ಮಿ ಎದ್ದರು. "ಇವ್ರ ತಪ್ಪು ಇವ್ರು ಹೇಳಿದ್ರು. ನಂದೂ ಒಂದು ಮಾತಿದೆ. ಮೂರು ವರ್ಷದಲ್ಲಿ ಯಾರಾದ್ರೂ ಆ ಮರಗಳಿಗೆ ಒಂದು ಚೊಂಬು ನೀರು ಹಾಕಿದ್ದೀರಾ? ಕಾಗೆಗೆ ವಡೆ ಹಾಕಿದ್ರಿ. ಮನೇಲಿ ಗೋಡೆ ಇದ್ದೂ ಅಪ್ಪ ಅಮ್ಮನ್ನ ಅಟ್ಟಕ್ಕೆ ಹತ್ತಿಸಿದೋರು ನೀವು."

ಈಗ ಯಾರ ತಲೆಯೂ ಮೇಲಿರಲಿಲ್ಲ. ಇದೇ ಸಮಯವೆಂದು ಪೂಂಗೊಡಿ ಮುಂದೆ ಬಂದು, ತಮಿಳಿನಲ್ಲಿ, ಫಾರಮ್ಮಿನ ಹಿಂದಿನ ನಿಯಮಗಳನ್ನು ಓದಲು ಶುರು ಮಾಡಿದರು. ನೆಲದಿಂದ ಒಂದು ಗೇಣು ಬಿಟ್ಟು ಓರೆಯಾಗಿ ಕಡಿಯಬೇಕು. ಬುಡ ಅಗೆಯುವಂತಿಲ್ಲ, ಬೇರು ಮುಟ್ಟುವಂತಿಲ್ಲ. ನೀರು ಬಿಟ್ಟರೆ ಮೋಟು ಮತ್ತೆ ಚಿಗುರುತ್ತದೆ, ಮೂರು ವರ್ಷಕ್ಕೆ ಮತ್ತೆ ಕಟಾವು.

"ಒಂದು ನಿಮಿಷಂ" ಎಂದರು ಸತ್ಯನಾರಾಯಣ. "ಅದೇ ಬೇರಿನಿಂದ? ಅದೇ ತಾತಾ ತಿರುಂಬಿ ಬರ್ತಾರಾ?"

ಪೂಂಗೊಡಿ ಈ ಪ್ರಶ್ನೆಗೆ ಚೌಕ ಹುಡುಕಿದರು, ಸಿಗಲಿಲ್ಲ. "ಕಂಡಿಪ್ಪಾ! ಖಂಡಿತ ಬರ್ತಾರೆ" ಎಂದುಬಿಟ್ಟರು.

"ಪುನರ್ಜನ್ಮ!" ಎಂದು ಸತ್ಯನಾರಾಯಣ ಸಭೆಗೆ ತಿರುಗಿದರು. ಆತ್ಮಕ್ಕೆ ಸಾವಿಲ್ಲ, ಬುಡಕ್ಕೂ ಸಾವಿಲ್ಲ ಎಂದು ಕಾಲು ಗಂಟೆ ಮಾತಾಡಿದರು. ಸರ್ಕಾರದ ಯೋಜನೆಯೊಂದರಲ್ಲಿ ಇಷ್ಟು ಅಧ್ಯಾತ್ಮವಿದೆಯೆಂದು ಪೂಂಗೊಡಿಗೂ ಅಂದೇ ಗೊತ್ತಾದದ್ದು. ಹಲಗೆಗಳನ್ನು ಮೋಟಿಗೆ ಮತ್ತೆ ಕಟ್ಟಬೇಕೆಂಬ ಒಂದೇ ಷರತ್ತಿನ ಮೇಲೆ ಸಭೆ ಕಟಾವಿಗೆ ಒಪ್ಪಿಗೆ ಕೊಟ್ಟಿತು.

ಕಟಾವಿನ ದಿನ ಬಸ್ಸು ತುಂಬ ಜನ ಬಂದರು. ಮರ ಕಡಿಯಲು ಬಂದ ಆಳುಗಳು, ಒಂದೊಂದು ಮರಕ್ಕೂ ಅಳುವವರನ್ನು ಕಂಡು ಕಂಗಾಲಾಗಿ, ಗರಗಸ ಕೆಳಗಿಟ್ಟು ಬೀಡಿ ಹಚ್ಚಿದರು. ಭೋಜರಾಜರು ಮಾಧವಿ ಕೇಳಿಕೊಂಡಂತೆ ಸಾಕಮ್ಮನವರಿಂದಲೇ ಶುರು ಮಾಡಿಸಿದರು. ಶ್ರೀಕಾಂತ್ ಬಿಕ್ಕಿದ. ಮಾಧವಿ ಅವನ ಬೆನ್ನು ಸವರಿ, ದುಃಖದಲ್ಲಿದ್ದವರಿಗೆಂದು ತಂದಿದ್ದ ಕೇಸರಿಬಾತನ್ನು ಎಲ್ಲರಿಗೂ ಹಂಚಿದಳು. ತುಪ್ಪ ಗೋಡಂಬಿ ಧಾರಾಳವಾಗಿದ್ದವು. ಸಂಜೆಗೆ ಪೂಂಗೊಡಿ ಪೂರ್ತಿ ಆಗಿದೆ ಎಂಬ ಚೌಕದಲ್ಲಿ ಗುರುತು ಹಾಕಿ, ವೆಂಕಟಲಕ್ಷ್ಮಿಯ ಕೈ ಕುಲುಕಿ, ಆಫೀಸಿನ ಸಮಯ ಮುಗಿದದ್ದರಿಂದ ಒಂದು ಸಲ ನಕ್ಕರು.

ಆಮೇಲಿನ ನಾಲ್ಕು ತಿಂಗಳು ಯಾರೂ ಕೀಳ್ಪುದೂರಿನ ಕಡೆ ಹೋಗಲಿಲ್ಲ. ವೆಂಕಟಲಕ್ಷ್ಮಿ ಮಾತ್ರ ವಾರಕ್ಕೊಮ್ಮೆ ರೈಲು ಹತ್ತಿ ಹೋಗಿ ನೀರು ಬಿಟ್ಟು ಬರುತ್ತಿದ್ದರು. ಭೋಜರಾಜರು ಹಿಂದಿನಿಂದ ಬುತ್ತಿ ಹೊತ್ತು ಹೋಗುತ್ತಿದ್ದರು. ಯಾರಾದರೂ ಏನು ಕೆಲಸ ಎಂದು ಕೇಳಿದರೆ "ಸೌದೆ" ಎನ್ನುತ್ತಿದ್ದರು. ಹೇಳಿ ಹೇಳಿ ಅದು ಅಷ್ಟೇನೂ ಕಷ್ಟವಿಲ್ಲ ಎನಿಸಿತು.

ಹಿರಿಯರಿಗೆ ಎಡೆ ಇಡುವ ಆಡಿ ಅಮಾವಾಸ್ಯೆಗೆ ಬಸ್ಸು ಮತ್ತೆ ಹೊರಟಿತು. ತೋಟದ ಬೇಲಿ ಕಂಡದ್ದೇ ಎಲ್ಲರೂ ಬಾಯಿ ಬಿಟ್ಟರು. ಮೋಟುಗಳಲ್ಲಿ ಆಳೆತ್ತರದ ಹಸಿರು ಎದ್ದು ನಿಂತಿತ್ತು. ಒಂದು ಬುಡಕ್ಕೆ ಎರಡು, ಇನ್ನೊಂದಕ್ಕೆ ಮೂರು.

"ನಮ್ಮ ತಾತಾ ನಾಲ್ಕು!" ಎಂದು ಸತ್ಯನಾರಾಯಣ ಕುಣಿದಾಡಿದರು.

"ನಮ್ಮ ಮಾವ ಎರಡೇ" ಎಂದು ಒಬ್ಬಾಕೆ ಸಪ್ಪೆ ಮುಖ ಮಾಡಿದರು. "ಮೊದ್ಲಿಂದ್ಲೂ ಸೋಮಾರಿ."

ಮೂಲೆಯಿಂದ ಶ್ರೀಕಾಂತನ ಕೂಗು ಕೇಳಿಸಿತು. ಎಲ್ಲರೂ ಅತ್ತ ಓಡಿದರು. ಸಾಕಮ್ಮನವರ ಮೋಟು ಕಾಣುತ್ತಲೇ ಇರಲಿಲ್ಲ. ಅದರ ಸುತ್ತ ಏಳು ಚಿಗುರು, ಒಂದಕ್ಕಿಂತ ಒಂದು ದಪ್ಪ. ಸಮುದ್ರದ ಕಡೆಯಿಂದ ಗಾಳಿ ಬೀಸಿತು. ಏಳೂ ಒಟ್ಟಿಗೆ ತಲೆ ಆಡಿಸಿದವು.

"ಮಾಧವಿ, ನೋಡೇ! ಅಮ್ಮ ಏಳಾಗಿ ಬಂದಿದಾಳೆ!"

ಮಾಧವಿ ಒಮ್ಮೆ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಭೋಜರಾಜರ ಪಕ್ಕಕ್ಕೆ ಸರಿದು, ಬಣ್ಣಗೆಟ್ಟ ಮುಖದಲ್ಲಿ ಕೇಳಿದಳು. "ಅಂಕಲ್, ಸರ್ಕಾರದ ನಿಯಮದಲ್ಲಿ ಜಾಸ್ತಿ ಚಿಗುರು ತೆಗೀಬೇಕು ಅಂತ ಏನೂ ಇಲ್ವಾ?"

"ಇದೆಯಮ್ಮ. ಎರಡು ಮೂರು ಬಿಟ್ಟು ಉಳಿದದ್ದು ಸವರಬಹುದು."

"ಒಂದನ್ನೂ ಮುಟ್ಟೋ ಹಾಗಿಲ್ಲ!" ಎಂದ ಶ್ರೀಕಾಂತ್, ಏಳನ್ನೂ ಒಟ್ಟಿಗೆ ತಬ್ಬಿಕೊಂಡು. "ಅಮ್ಮಾ, ನೋಡು, ಇವಳಿಗೆ ಎಷ್ಟು ಸಂತೋಷ ಆಗಿದೆ."

ಮಾಧವಿ ದಾರಿಯುದ್ದಕ್ಕೂ ಬಸ್ಸಿನಲ್ಲಿ ಬೆರಳು ಮಡಿಸಿ ಏಳನ್ನೇ ಎಣಿಸಿದಳು.

ಮುಂದಿನ ಭಾನುವಾರ ಬೆಳಿಗ್ಗೆ ಮೂರನೇ ಮಹಡಿಯಿಂದ ಭೋಜರಾಜರಿಗೆ ಕರೆ ಬಂತು. ಸುತ್ತಿಗೆ ಮೊಳೆ ತಗೊಂಡು ಬನ್ನಿ ಅಂಕಲ್ ಎಂದು. ಹೋಗಿ ನೋಡಿದರೆ ಹಾಲಿನ ದೊಡ್ಡ ಟಿವಿ ಗೋಡೆ ಬಿಟ್ಟು ನೆಲದಲ್ಲಿ ಕೂತಿದೆ. ಸೋಫಾದ ಮೇಲೆ ಸಾಕಮ್ಮನವರ ಫೋಟೊ, ಒರೆಸಿ, ಕುಂಕುಮವಿಟ್ಟು, ಮಲ್ಲಿಗೆ ಹಾರ ಹಾಕಿ. ಪಕ್ಕದಲ್ಲಿ ಕೆಂಪು ದೀಪ. ಅಡುಗೆಮನೆಯಿಂದ ಹುಳಿಯ ಘಮ. ಶ್ರೀಕಾಂತ್ ಹೆಂಡತಿಯನ್ನು ನೋಡುತ್ತ, ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ.

"ಅಂಕಲ್‌ಗೆ ಕುರ್ಚಿ ಹಾಕ್ರೀ" ಎಂದಳು ಮಾಧವಿ. "ಕೈ ಇರೋದು."

ಭೋಜರಾಜರು ಅದನ್ನೇ ಹತ್ತಿ ಮೊಳೆ ಹೊಡೆದರು. ಫೋಟೊ ಎತ್ತಿ ಕೊಡುತ್ತ, ಗಂಡನಿಗೆ ಕೇಳಿಸದಂತೆ, ಮಾಧವಿ ಪಿಸುಗುಟ್ಟಿದಳು.

"ಗಟ್ಟಿಯಾಗಿ ಹೊಡೀರಿ ಅಂಕಲ್. ಭಾನುವಾರ ಇಲ್ಲೇ ನಿಂತು ಚಾಡಿ ಹೇಳ್ಲಿ. ಅಲ್ಲಿ ಅತ್ತೆ ಏಳು ಜನ, ಇಲ್ಲಿ ಒಬ್ಬರೇ ಇರ್ತಾರೆ."